ಗೋಬರ್ ಗ್ಯಾಸ್ ಪ್ಲಾಂಟ್ ಎಷ್ಟು ದೊಡ್ಡದಿರಬೇಕು? ಮೊದಲು ಸಗಣಿ ತೂಕ ಹಾಕಿ



"ಮನೇಲಿ ಆರು ಜನ ಇದ್ದೀವಿ, ಎಷ್ಟು ದೊಡ್ಡ ಪ್ಲಾಂಟ್ ಕಟ್ಟಿಸಬೇಕು?" ಗೋಬರ್ ಗ್ಯಾಸ್ ಹಾಕಿಸುವವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಮನೆಮಂದಿಯ ಲೆಕ್ಕದಿಂದ ಎಷ್ಟು ಗ್ಯಾಸ್ ಬೇಕು ಅಂತ ಮಾತ್ರ ಗೊತ್ತಾಗುತ್ತದೆ. ಎಷ್ಟು ಸಿಗುತ್ತದೆ ಅಂತ ಹೇಳೋದು ಕೊಟ್ಟಿಗೆ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ, ಎರಡೂ ಲೆಕ್ಕ ಮಾಡೋಣ.

1. ಬೇಕಾದ ಗ್ಯಾಸ್

ಅಡುಗೆಗೆ ಒಬ್ಬರಿಗೆ ದಿನಕ್ಕೆ ಸುಮಾರು 0.3 ಘನ ಮೀಟರ್ ಗ್ಯಾಸ್ ಹಿಡಿಯಿರಿ. ಆರು ಜನಕ್ಕೆ 1.8, ಅಂದರೆ 2 ಘನ ಮೀಟರಿನ ಪ್ಲಾಂಟ್. ಇಷ್ಟು ಗ್ಯಾಸ್ ಸುಮಾರು 860 ಗ್ರಾಂ ಎಲ್‌ಪಿಜಿಗೆ ಸಮ. ದಿನವೂ ಸಿಕ್ಕರೆ 16-17 ದಿನಕ್ಕೆ 14.2 ಕೆ.ಜಿ.ಯ ಒಂದು ಸಿಲಿಂಡರ್ ಉಳಿದ ಹಾಗೆ.

2. ಸಿಗುವ ಸಗಣಿ

1 ಕೆ.ಜಿ. ಹಸಿ ಸಗಣಿಯಿಂದ ಸುಮಾರು 0.04 ಘನ ಮೀಟರ್ ಗ್ಯಾಸ್ ಬರುತ್ತದೆ. ಹಾಗಾಗಿ 2 ಘನ ಮೀಟರಿಗೆ ದಿನಾ 50 ಕೆ.ಜಿ. ಸಗಣಿ ಬೇಕು. ಹಸುವಿಗೆ 10, ಎಮ್ಮೆಗೆ 15 ಕೆ.ಜಿ. ಅಂತ ಅಂದಾಜು ಹೇಳುತ್ತಾರೆ. ಆದರೆ ಮೇಯಲು ಹೋಗುವ ದನದ ಸಗಣಿ ಅರ್ಧದಷ್ಟು ಗೋಮಾಳದಲ್ಲೇ ಬೀಳುತ್ತದೆ. ಅಂದಾಜು ನಂಬಬೇಡಿ. ಒಂದು ವಾರ ದಿನಾ ಸಗಣಿ ಬಕೆಟ್ಟನ್ನು ತಕ್ಕಡಿಗೆ ಹಾಕಿ, ಮೊಬೈಲಿನಲ್ಲಿ ಬರೆದಿಟ್ಟು ಸರಾಸರಿ ತೆಗೆಯಿರಿ. ಮುಂದೆ ದನ ಮಾರುವ ಯೋಚನೆ ಇದ್ದರೆ ಅದನ್ನೂ ಈಗಲೇ ಕಳೆಯಿರಿ.

ಎರಡು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಪ್ಲಾಂಟಿನ ಅಳತೆ. ಸಿಗೋದು 25 ಕೆ.ಜಿ. ಆದರೆ ಎಷ್ಟೇ ದೊಡ್ಡದು ಕಟ್ಟಿಸಿದರೂ ಹೆಚ್ಚುಕಡಿಮೆ 1 ಘನ ಮೀಟರ್ ಗ್ಯಾಸೇ ಬರೋದು. ಮಿಕ್ಕ ಸಿಮೆಂಟು, ಇಟ್ಟಿಗೆ, ಕೂಲಿ ಎಲ್ಲ ದಂಡ.

3. ಗುಂಡಿಯ ಗಾತ್ರ

"2 ಘನ ಮೀಟರ್ ಪ್ಲಾಂಟ್" ಅಂದರೆ ಗುಂಡಿಯ ಅಳತೆ ಅಲ್ಲ, ದಿನದ ಗ್ಯಾಸಿನ ಅಳತೆ. ಗುಂಡಿಯ ಲೆಕ್ಕ ಹೀಗೆ:

ದಿನದ ಬಗ್ಗಡ × ಒಳಗೆ ನಿಲ್ಲಬೇಕಾದ ದಿನ = ಬಗ್ಗಡಕ್ಕೆ ಬೇಕಾದ ಜಾಗ

50 ಕೆ.ಜಿ. ಸಗಣಿಗೆ 50 ಲೀಟರ್ ನೀರು, ಒಟ್ಟು ಸುಮಾರು 100 ಲೀಟರ್ ಬಗ್ಗಡ. ನಮ್ಮ ದೇಶದಲ್ಲಿ ಹವೆಗೆ ತಕ್ಕಂತೆ 30, 40, 55 ದಿನದ ವಿನ್ಯಾಸಗಳಿವೆ. ಚಳಿ ಹೆಚ್ಚಿದಷ್ಟೂ ದಿನ ಹೆಚ್ಚು. 40 ದಿನ ಹಿಡಿದರೆ 100 × 40 = 4,000 ಲೀಟರ್, ಅಂದರೆ 4 ಘನ ಮೀಟರ್. ಮೇಲೆ ಗ್ಯಾಸ್ ನಿಲ್ಲಲು ಬೇರೆ ಜಾಗ ಬೇಕು. ದೀನಬಂಧು ಮಾದರಿಯಲ್ಲಿ ಇದು ದಿನದ ಗ್ಯಾಸಿನ ಮೂರನೇ ಒಂದು ಪಾಲಿನಷ್ಟಿರುತ್ತದೆ.

4. ನೀರಿನ ಮೋಸ

ಕಟ್ಟಿಸುವಾಗ ಸರಿಯಿದ್ದ ಅಳತೆ ಆಮೇಲೆ ಕೆಡೋದು ಇಲ್ಲೇ. ಕೊಟ್ಟಿಗೆ ತೊಳೆದ ನೀರೆಲ್ಲ ಸೀದಾ ಪ್ಲಾಂಟಿಗೆ ಹೋಗುವಂತೆ ಕಾಲುವೆ ಮಾಡಿರುತ್ತಾರೆ. ಅದೇ 50 ಕೆ.ಜಿ. ಸಗಣಿಗೆ 150 ಲೀಟರ್ ನೀರು ಸೇರಿತು ಅನ್ನಿ. ಬಗ್ಗಡ 200 ಲೀಟರ್ ಆಯ್ತು. 4,000 ಲೀಟರ್ ಗುಂಡಿಯಲ್ಲಿ ಅದು ನಿಲ್ಲೋದು 20 ದಿನ ಮಾತ್ರ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ನಿಧಾನಕ್ಕೆ ಬೆಳೆಯುವಂಥವು. ಅವು ಬೆಳೆಯುವ ಮೊದಲೇ ಬಗ್ಗಡದ ಜೊತೆ ಕೊಚ್ಚಿಹೋಗುತ್ತವೆ. ಸಗಣಿ ಪೂರ್ತಿ ಹಾಕಿದ್ದರೂ ಒಲೆ ಮಂಕು.

ಇದನ್ನು ಗುರುತಿಸೋದು ಸುಲಭ. ಹೊರಬರುವ ಸ್ಲರಿ ಹಸಿ ಸಗಣಿ ವಾಸನೆ ಹೊಡೆದು ನೊಣ ಮುತ್ತಿದರೆ ಅದು ಒಳಗೆ ಸಾಕಷ್ಟು ದಿನ ನಿಂತಿಲ್ಲ ಅಂತ ಅರ್ಥ. ಚೆನ್ನಾಗಿ ಕೊಳೆತ ಸ್ಲರಿಗೆ ವಾಸನೆ ಕಡಿಮೆ, ನೊಣ ಬರೋದೂ ಕಡಿಮೆ. ತೊಳೆದ ನೀರನ್ನು ತೋಟಕ್ಕೋ ಮೇವಿನ ಮಡಿಗೋ ತಿರುಗಿಸಿ. ಪ್ಲಾಂಟಿಗೆ ಬಕೆಟ್ಟಿನಲ್ಲಿ ಅಳೆದೇ ಹಾಕಿ: ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು. ಫಿನಾಯಿಲ್, ಸೋಪಿನ ನೀರು ಬೇಡವೇ ಬೇಡ.

ಒಂದು ಎಚ್ಚರಿಕೆ: ಗ್ಯಾಸ್ ಬರಲಿಲ್ಲ ಅಂತ ಬಳಸಿದ ಗುಂಡಿಯೊಳಗೆ ಯಾರೂ ಇಳಿಯಬೇಡಿ. ಒಳಗೆ ಉಸಿರಾಡಲು ಗಾಳಿ ಇರೋದಿಲ್ಲ, ಪ್ರಾಣಕ್ಕೇ ಅಪಾಯ.

ಮೇಸ್ತ್ರಿಯನ್ನು ಕರೆಯುವ ಮೊದಲು ಮೂರು ಅಂಕಿ ಕೈಯಲ್ಲಿರಲಿ: ದಿನದ ಸಗಣಿ, ದಿನದ ನೀರು, ಒಳಗೆ ನಿಲ್ಲುವ ದಿನ. ನಾಳೆ ಬೆಳಗ್ಗೆಯಿಂದಲೇ ತೂಕ ಶುರು ಮಾಡಿ.