ಒಂದು ರೇಸ್ ಗೆಲ್ಲೋದು ಬೇರೆ, ಸೀಸನ್ ಗೆಲ್ಲೋದು ಬೇರೆ

ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಎಸ್ಸೆಸ್ಸೆಲ್ಸಿ ಆದಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂರನೇ ಸೆಮಿಸ್ಟರ್ ರಿಸಲ್ಟ್ ಬಂದ ದಿನ ನನಗೆ ಮ್ಯಾಥ್ಸ್‌ನಲ್ಲಿ ಬ್ಯಾಕ್‌ಲಾಗ್ ಉಳಿದಿದೆ ಅಂತ ಗೊತ್ತಾಯ್ತು. ಮನೆಗೆ ಫೋನ್ ಮಾಡೋ ಧೈರ್ಯ ಇರಲಿಲ್ಲ, ಮೆಸ್‌ಗೆ ಹೋಗೋ ಮನಸ್ಸೂ ಇರಲಿಲ್ಲ. ಹಾಸ್ಟೆಲ್ ಟೆರೇಸ್ ಮೇಲೆ ಸುಮ್ಮನೆ ಕೂತಿದ್ದೆ. ನನ್ನ ರೂಮ್‌ಮೇಟ್ ಸೈಕಲ್ ಹುಚ್ಚ. ಸಮಾಧಾನದ ಮಾತೇನೂ ಆಡದೆ ಪಕ್ಕದಲ್ಲಿ ಬಂದು ಕೂತು, ಪ್ಯಾರಿಸ್ ಒಲಿಂಪಿಕ್ಸ್ ಟ್ರಯಥ್ಲಾನ್‌ನ ಕೊನೇ ಹತ್ತು ನಿಮಿಷದ ವಿಡಿಯೋ ಹಾಕಿ ಫೋನ್ ಕೈಗೆ ಕೊಟ್ಟ. ಆ ಹತ್ತು ನಿಮಿಷ ನೋಡಿ ಮುಗಿಸಿದ ಮೇಲೆ, ಅದರಲ್ಲಿ ಗೆದ್ದವನ ಹಿಂದಿನ ವರ್ಷಗಳನ್ನೆಲ್ಲ ಹುಡುಕಿ ಹುಡುಕಿ ಓದಿದೆ. ಅಲ್ಲಿ ಸಿಕ್ಕಿದ್ದು ಬರೀ ಸ್ಪೋರ್ಟ್ಸ್ ಕಥೆ ಆಗಿರಲಿಲ್ಲ, ಒಳ್ಳೇ ಲೆಕ್ಕದ ಪಾಠವೂ ಆಗಿತ್ತು. ಅದನ್ನೇ ನಿಮಗೂ ಹೇಳೋಣ ಅಂತ ಈ ಲೇಖನ.

ಮೊದಲು ಬೇಸಿಕ್ಸ್

ಟ್ರಯಥ್ಲಾನ್ ಅಂದ್ರೆ ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು, ಮಧ್ಯದಲ್ಲಿ ಗಡಿಯಾರ ನಿಲ್ಲೋದಿಲ್ಲ. ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಇದರ ಅರ್ಧ ದೂರದ ರೇಸ್‌ಗೆ ಸ್ಪ್ರಿಂಟ್ ಅಂತಾರೆ. ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗೋ ಜಾಗವೇ ಟ್ರಾನ್ಸಿಷನ್. ಅಲ್ಲಿ ಹೆಲ್ಮೆಟ್ ಹಾಕೋದು, ಶೂ ಬದಲಾಯಿಸೋದು ಎಲ್ಲಾ ರೇಸ್ ಟೈಮ್‌ನಲ್ಲೇ ಲೆಕ್ಕ.

ಈಗ ಸ್ವಲ್ಪ ಫಿಸಿಕ್ಸ್. ಸೈಕಲ್‌ನಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ಪವರ್, ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗವನ್ನು ಗಂಟೆಗೆ 40 ಕಿ.ಮೀ. ಇಂದ 44ಕ್ಕೆ, ಅಂದ್ರೆ ಬರೀ ಶೇ. 10 ಜಾಸ್ತಿ ಮಾಡಬೇಕಾದರೆ 1.1 × 1.1 × 1.1 = 1.331, ಶೇ. 33 ಹೆಚ್ಚು ಪವರ್ ಬೇಕು. ಇನ್ನೊಬ್ಬನ ಹಿಂದೆ ಅಂಟಿಕೊಂಡು ಹೋದ್ರೆ ಗಾಳಿಯ ಹೊರೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತೆ. ಇದೇ ಡ್ರಾಫ್ಟಿಂಗ್. ಒಲಿಂಪಿಕ್ಸ್ ಮಾದರಿಯ ರೇಸ್‌ನಲ್ಲಿ ಇದಕ್ಕೆ ಅನುಮತಿ ಇದೆ. ಹಾಗಾಗಿ ಈಜಿನಲ್ಲಿ ಹತ್ತು ಹದಿನೈದು ಸೆಕೆಂಡ್ ಹಿಂದೆ ಬಿದ್ದು ಮುಂದಿನ ಗುಂಪು ತಪ್ಪಿಸಿಕೊಂಡವನು, ಆ ಹದಿನೈದು ಸೆಕೆಂಡಿಗೆ 40 ಕಿ.ಮೀ. ಪೂರ್ತಿ ಕಾಲಿನಿಂದ ಬಡ್ಡಿ ಕಟ್ಟಬೇಕು. ಆಮೇಲೆ ಅದೇ ಕಾಲಲ್ಲಿ ಓಡಬೇಕು.

ಇದು ಎಷ್ಟು ಕಷ್ಟ ಅಂತ ನೋಡೋಣ ಅಂತ ನಾನೂ ಒಂದು ಭಾನುವಾರ ರೂಮ್‌ಮೇಟ್ ಸೈಕಲ್ ತಗೊಂಡು 10 ಕಿ.ಮೀ. ತುಳಿದು, ಇಳಿದ ತಕ್ಷಣ ಗ್ರೌಂಡ್‌ನಲ್ಲಿ ಓಡಿದೆ. ಕಾಲು ನನ್ನದೇ ಅನ್ನಿಸಲಿಲ್ಲ ಗುರು. ಎರಡು ರೌಂಡ್‌ಗೆ ಹುಲ್ಲಿನ ಮೇಲೆ ಮಲಗಿಬಿಟ್ಟೆ. ಟ್ರಯಥ್ಲೀಟ್‌ಗಳು ಈ ಪ್ರಾಕ್ಟೀಸ್‌ಗೆ ಬ್ರಿಕ್ ಅಂತಾರೆ. ಇಟ್ಟಿಗೆ ಅನ್ನೋ ಹೆಸರು ಯಾಕೆ ಅಂತ ಅವತ್ತು ನನ್ನ ತೊಡೆಗೆ ಅರ್ಥ ಆಯ್ತು.

ಹತ್ತೊಂಬತ್ತನೇ ವಯಸ್ಸಲ್ಲಿ ಆಸ್ಪತ್ರೆ

ನಮ್ಮ ಕಥೆಯ ಹುಡುಗ ಅಲೆಕ್ಸ್ ಯೀ. ಹುಟ್ಟಿದ್ದು 1998ರಲ್ಲಿ, ದಕ್ಷಿಣ ಲಂಡನ್ನಿನ ಲೂಯಿಷಮ್. ಚಿಕ್ಕಂದಿನಿಂದ ಓಟವೇ ಅವನ ಶಕ್ತಿ.

2017ರಲ್ಲಿ, ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯರಿ ಊರಿನಲ್ಲಿ ನಡೆದ ವರ್ಲ್ಡ್ ಕಪ್ ರೇಸ್‌ನಲ್ಲಿ ಸೈಕಲ್ ಮೇಲಿದ್ದಾಗ ಅವನಿಗೆ ದೊಡ್ಡ ಆಕ್ಸಿಡೆಂಟ್ ಆಯ್ತು. ಪಕ್ಕೆಲುಬು ಮುರಿದವು, ಬೆನ್ನುಮೂಳೆಗೆ ಪೆಟ್ಟಾಯ್ತು, ಒಂದು ಶ್ವಾಸಕೋಶ ಕುಸಿಯಿತು. ಆಗ ಅವನಿಗೆ ಹತ್ತೊಂಬತ್ತು. ನನಗೂ ಈಗ ಹತ್ತೊಂಬತ್ತೇ. ಶ್ವಾಸಕೋಶಕ್ಕೂ ಮ್ಯಾಥ್ಸ್ ಪೇಪರಿಗೂ ಹೋಲಿಕೆ ಇಲ್ಲ ಬಿಡಿ, ಅಷ್ಟು ಬುದ್ಧಿ ನನಗಿದೆ. ಆದ್ರೂ ವಯಸ್ಸು ನೋಡಿದಾಗ ಓದೋದನ್ನ ಅಲ್ಲಿಗೆ ನಿಲ್ಲಿಸೋಕೆ ಆಗಲಿಲ್ಲ.

ಮಾರನೇ ವರ್ಷ, 2018ರಲ್ಲಿ, ಅದೇ ಹುಡುಗ ಬ್ರಿಟನ್ನಿನ 10,000 ಮೀಟರ್ ಓಟದ ಚಾಂಪಿಯನ್ ಆದ, ಟೈಮ್ 28 ನಿಮಿಷದೊಳಗೆ. 2019ರಲ್ಲಿ ಟ್ರಯಥ್ಲಾನ್‌ನ ವಿಶ್ವ ಸರಣಿಗೆ ಅಬುಧಾಬಿಯಲ್ಲಿ ಕಾಲಿಟ್ಟು ಮೊದಲ ರೇಸ್‌ನಲ್ಲೇ ಎರಡನೇ ಸ್ಥಾನ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್‌ಗಿಂತ 11 ಸೆಕೆಂಡ್ ಹಿಂದೆ ಬಂದು ಬೆಳ್ಳಿ, ಮಿಕ್ಸೆಡ್ ರಿಲೇಯಲ್ಲಿ ಚಿನ್ನ.

ಪಾಯಿಂಟ್ಸ್ ಲೆಕ್ಕ

ಮುಂದಿನದು ಅರ್ಥ ಆಗಬೇಕಾದರೆ ಸೀಸನ್‌ನ ಲೆಕ್ಕ ಗೊತ್ತಿರಬೇಕು. ಒಲಿಂಪಿಕ್ಸ್ ಬರೋದು ನಾಲ್ಕು ವರ್ಷಕ್ಕೊಮ್ಮೆ. ಆದರೆ ವಿಶ್ವ ಚಾಂಪಿಯನ್ ಪ್ರತಿವರ್ಷ ತೀರ್ಮಾನ ಆಗ್ತಾನೆ, ಅದೂ ಒಂದೇ ರೇಸ್‌ನಿಂದ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆಯುವ ಸರಣಿ ರೇಸ್‌ಗಳಲ್ಲಿ ನಿಮ್ಮ ಅತ್ಯುತ್ತಮ ಕೆಲವನ್ನು ತಗೊಂಡು, ಕೊನೇ ಫೈನಲ್‌ನ ಪಾಯಿಂಟ್ಸ್ ಸೇರಿಸ್ತಾರೆ. ಇಂಟರ್ನಲ್ಸ್‌ನಲ್ಲಿ ಬೆಸ್ಟ್ ಆಫ್ ಟೂ ತಗೊಂಡು ಸೆಮಿಸ್ಟರ್ ಎಂಡ್ ಮಾರ್ಕ್ಸ್ ಕೂಡಿಸೋ ಥರ ಅಂದ್ಕೊಳ್ಳಿ.

ಮಾಮೂಲಿ ಸರಣಿ ರೇಸ್ ಗೆದ್ದವನಿಗೆ 1000 ಪಾಯಿಂಟ್. ನಂತರದ ಪ್ರತಿ ಸ್ಥಾನಕ್ಕೂ ಶೇ. 7.5 ಕಡಿತ. ಎರಡನೆಯವನಿಗೆ 925, ಮೂರನೆಯವನಿಗೆ 855.6, ನಾಲ್ಕನೆಯವನಿಗೆ 791.5, ಹೀಗೆ. ನಾವು ಪಿಯುಸಿಯಲ್ಲಿ ಜಿ.ಪಿ. ಅಂತ ಓದಿದ್ದೇ ಇದು. ಕನ್ನಡದಲ್ಲಿ ಗುಣೋತ್ತರ ಶ್ರೇಢಿ ಅಂತಾರಂತೆ, ರೂಮ್‌ಮೇಟ್ ಹೇಳಿಕೊಟ್ಟ. ಫೈನಲ್‌ನಲ್ಲಿ ಮಾತ್ರ ಗೆದ್ದವನಿಗೆ 1250, ಕಡಿತ ಅದೇ ಶೇ. 7.5.

ಈಗ ಒಂದು ಊಹೆಯ ಉದಾಹರಣೆ. ಮೂರು ರೇಸ್ ಮತ್ತು ಒಂದು ಫೈನಲ್ ಅಂತ ಇಟ್ಕೊಳ್ಳಿ. ರವಿ ಎರಡು ರೇಸ್ ಗೆದ್ದ, ಒಂದರಲ್ಲಿ ಎರಡನೆಯವ: 1000 + 1000 + 925 = 2925. ಸುರೇಶ ಒಂದನ್ನೂ ಗೆಲ್ಲಲಿಲ್ಲ, ಎರಡು ಸಲ ಎರಡನೇ ಸ್ಥಾನ, ಒಂದು ಸಲ ಮೂರನೇ ಸ್ಥಾನ: 925 + 925 + 855.6 = 2705.6. ಫೈನಲ್‌ನಲ್ಲಿ ಸುರೇಶ ಗೆದ್ದ, ರವಿ ಐದನೆಯವನಾದ. ಸುರೇಶನ ಒಟ್ಟು 3955.6, ರವಿಯದು 3840.1. ಸೀಸನ್ ಪೂರ್ತಿ ಮುಂದಿದ್ದ ರವಿ ಕೊನೇ ದಿನ ಸೋತ. ಅದೇ ರವಿ ಫೈನಲ್‌ನಲ್ಲಿ ನಾಲ್ಕನೆಯವನಾಗಿದ್ರೂ ಒಟ್ಟು 3914.3, ಸಾಲದು. ಮೂರನೆಯವನಾಗಿದ್ರೆ 3994.5, ಗೆದ್ದಿರ್ತಿದ್ದ. ಮೂರಕ್ಕೂ ನಾಲ್ಕಕ್ಕೂ ನಡುವೆ ಒಂದು ವರ್ಷದ ದುಡಿಮೆ ನಿಂತಿದೆ.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಂದ್ಕೋಬೇಡಿ. 2016ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕೊಸುಮೆಲ್‌ನಲ್ಲಿ ಫೈನಲ್ ನಡೀತಿತ್ತು. ವಿಪರೀತ ಸೆಕೆ. ಬ್ರಿಟನ್ನಿನ ಜಾನಿ ಬ್ರೌನ್‌ಲಿ ಮುಂದಿದ್ದ. ಗುರಿ ಕೆಲವೇ ನೂರು ಮೀಟರ್ ದೂರ ಇದ್ದಾಗ ಅವನ ಕಾಲು ತೊದಲಿತು, ದಾರಿ ತಪ್ಪಿ ಅಡ್ಡಾದಿಡ್ಡಿ ವಾಲಿದ. ಹಿಂದಿಂದ ಬಂದ ಅಣ್ಣ ಅಲಿಸ್ಟರ್ ತನ್ನ ಗೆಲುವಿನ ಆಸೆ ಬಿಟ್ಟು, ತಮ್ಮನ ಕೈಯನ್ನು ಹೆಗಲಿಗೆ ಹಾಕಿಕೊಂಡು ಎಳೆದುಕೊಂಡು ಬಂದು, ಗೆರೆ ದಾಟೋಕೆ ಅವನನ್ನೇ ಮುಂದೆ ತಳ್ಳಿದ. ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ಹೆನ್ರಿ ಸ್ಕೂಮನ್ ಇಬ್ಬರನ್ನೂ ದಾಟಿ ಗೆದ್ದಾಗಿತ್ತು. ಜಾನಿ ಎರಡನೆಯವ. ವಿಶ್ವ ಕಿರೀಟ ಸ್ಪೇನ್‌ನ ಮಾರಿಯೊ ಮೋಲಾಗೆ ಹೋಯ್ತು, ನಾಲ್ಕೇ ನಾಲ್ಕು ಪಾಯಿಂಟ್ ಅಂತರದಲ್ಲಿ.

2022: ಗೆದ್ದೂ ಕೈ ತಪ್ಪಿದ ವರ್ಷ

ಮತ್ತೆ ಯೀ ಕಡೆ ಬರೋಣ. 2022ರ ಮೇ ತಿಂಗಳಲ್ಲಿ ಜಪಾನಿನ ಯೊಕೊಹಾಮಾ ರೇಸ್ ಗೆದ್ದ. ಅಕ್ಟೋಬರ್‌ನಲ್ಲಿ ಇನ್ನೊಂದು ರೇಸ್ ಎಲ್ಲಿ ಗೊತ್ತಾ? ಕಾಲ್ಯರಿ. ಐದು ವರ್ಷದ ಹಿಂದೆ ಅವನನ್ನು ಆಸ್ಪತ್ರೆಗೆ ಸಾಗಿಸಿದ ಅದೇ ಊರು. ಅಲ್ಲೂ ಗೆದ್ದ.

ಆದರೆ ಅದೇ ವರ್ಷ ನ್ಯೂಜಿಲೆಂಡಿನ ಹೇಡನ್ ವೈಲ್ಡ್ ಅವನಿಗೆ ಸರಿಸಮ ನಿಂತ. ಲೀಡ್ಸ್ ರೇಸ್‌ನಲ್ಲಿ, ಯೀಯ ಸ್ವಂತ ದೇಶದಲ್ಲೇ, ವೈಲ್ಡ್ ಗೆದ್ದ. ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್. ಕೊನೇ ಓಟದಲ್ಲಿ ಇಬ್ಬರೂ ಅಕ್ಕಪಕ್ಕ. ಆದರೆ ವೈಲ್ಡ್ ತಲೆ ಮೇಲೆ 10 ಸೆಕೆಂಡ್ ಪೆನಾಲ್ಟಿ ಇತ್ತು. ಕಾರಣ: ಟ್ರಾನ್ಸಿಷನ್‌ನಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕುವ ಮೊದಲೇ ಹೆಲ್ಮೆಟ್‌ನ ಬಕಲ್ ಬಿಚ್ಚಿದ್ದು. ಆ ವೇಗದಲ್ಲಿ 10 ಸೆಕೆಂಡ್ ಅಂದ್ರೆ ಸುಮಾರು 55 ಮೀಟರ್. ವೈಲ್ಡ್ ಪೆನಾಲ್ಟಿ ಬಾಕ್ಸ್‌ನಲ್ಲಿ ನಿಂತ, ಯೀ ಚಿನ್ನ ಗೆದ್ದ. ಯೂನಿಟ್ ಬರೆಯದೆ ಅರ್ಧ ಮಾರ್ಕ್ ಕಳ್ಕೊಳ್ಳೋ ನಮಗೆ ಈ ನೋವು ಚೆನ್ನಾಗಿ ಗೊತ್ತು.

ನವೆಂಬರ್‌ನಲ್ಲಿ ಅಬುಧಾಬಿ ಫೈನಲ್. ಎಲ್ಲರ ಬಾಯಲ್ಲೂ ಯೀ ಮತ್ತು ವೈಲ್ಡ್ ಹೆಸರು. ಗೆದ್ದವನು ಫ್ರಾನ್ಸ್‌ನ ಲಿಯೋ ಬರ್ಜೇರ್. 1250 ಪಾಯಿಂಟ್ ಜೊತೆ ವಿಶ್ವ ಕಿರೀಟವನ್ನೂ ಒಯ್ದ. ಮೇಲಿನ ರವಿ-ಸುರೇಶ ಲೆಕ್ಕ ನೆನಪಿಸಿಕೊಳ್ಳಿ.

2024: ಕೊನೇ ರೇಸ್ ಗೆಲ್ಲದೇ ಗೆದ್ದ ವರ್ಷ

2024ರ ಜುಲೈ 30ಕ್ಕೆ ಪ್ಯಾರಿಸ್‌ನಲ್ಲಿ ಗಂಡಸರ ರೇಸ್ ಇತ್ತು. ಸೇನ್ ನದಿಯ ನೀರು ಈಜಲು ಯೋಗ್ಯವಿಲ್ಲ ಅಂತ ಒಂದು ದಿನ ಮುಂದೂಡಿದರು. ವರ್ಷಗಟ್ಟಲೆ ಒಂದೇ ತಾರೀಖಿಗೆ ತಯಾರಾದವರಿಗೆ ಆ ರಾತ್ರಿ ಹೇಗಿತ್ತೋ. ನಮಗೆ ಎಕ್ಸಾಂ ಪೋಸ್ಟ್‌ಪೋನ್ ಆದ್ರೆ ಕುಣೀತೀವಿ, ಅವರಿಗೆ ಹಾಗಾಗಲ್ಲ.

31ರಂದು ರೇಸ್. ಓಟದಲ್ಲಿ ವೈಲ್ಡ್ ಬಿಟ್ಟುಕೊಡದೆ ಮುಂದೆ ಹೋದ. ಯೀ ಹಿಂದೆ ಬಿದ್ದ. ಗುರಿಗೆ ಕೆಲವೇ ನೂರು ಮೀಟರ್ ಉಳಿದಾಗ, ರೂಮ್‌ಮೇಟ್ ನನಗೆ ತೋರಿಸಿದ ಆ ಭಾಗ ಶುರುವಾಗುತ್ತೆ. ಮುಗೀತು ಅಂದುಕೊಂಡ ಅಂತರವನ್ನು ಯೀ ಮುಚ್ಚಿದ, ದಾಟಿದ. ಯೀ ಟೈಮ್ 1 ಗಂಟೆ 43 ನಿಮಿಷ 33 ಸೆಕೆಂಡ್. ವೈಲ್ಡ್ 6 ಸೆಕೆಂಡ್ ಹಿಂದೆ. ಬರ್ಜೇರ್ ಮೂರನೆಯವ. ಒಟ್ಟು 6213 ಸೆಕೆಂಡ್‌ನಲ್ಲಿ 6 ಅಂದ್ರೆ ಹೆಚ್ಚು ಕಡಿಮೆ ಸಾವಿರಕ್ಕೆ ಒಂದು.

ಕಥೆ ಇಲ್ಲಿಗೇ ಮುಗಿದಿದ್ರೆ ಸಿನಿಮಾ ಥರ ಇರ್ತಿತ್ತು. ಆದರೆ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಟೊರ್ರೆಮೊಲಿನೋಸ್‌ನಲ್ಲಿ ಫೈನಲ್ ಬಾಕಿ ಇತ್ತು. ಎದುರಿಗೆ ಮತ್ತೆ ಅದೇ ಬರ್ಜೇರ್, ಎರಡು ವರ್ಷದ ಹಿಂದೆ ಕಿರೀಟ ಒಯ್ದವನು. ಈ ಸಲವೂ ಫೈನಲ್ ರೇಸ್ ಗೆದ್ದವನು ಬರ್ಜೇರ್‌ನೇ. ಯೀ ಮೂರನೆಯವನಾಗಿ ಗೆರೆ ದಾಟಿದ. ಆದರೆ ವರ್ಷದ ಒಟ್ಟು ಲೆಕ್ಕದಲ್ಲಿ ಮೂರನೇ ಸ್ಥಾನ ಸಾಕಿತ್ತು. ಅಲೆಕ್ಸ್ ಯೀ ಮೊದಲ ಸಲ ವಿಶ್ವ ಚಾಂಪಿಯನ್ ಆದ. 2022ರಲ್ಲಿ ಗೆಲುವುಗಳಿದ್ದೂ ಸಿಗದ ಕಿರೀಟ, ಕೊನೇ ರೇಸ್ ಸೋತ ದಿನ ಸಿಕ್ಕಿತು.

ನಾನು ಕಲಿತದ್ದು

ಮೂರು ವಿಷಯ. ಒಂದು, ಸೀಸನ್ ಅನ್ನೋದು ಮೊತ್ತ. ಒಂದು ಕೆಟ್ಟ ದಿನ ಮೊತ್ತವನ್ನು ಇಳಿಸುತ್ತೆ, ಸೊನ್ನೆ ಮಾಡಲ್ಲ. ಎಂಟು ಸೆಮಿಸ್ಟರ್‌ನ ಸಿಜಿಪಿಎಯಲ್ಲಿ ನನ್ನ ಮೂರನೇ ಸೆಮ್ ಒಂದು ಪದ ಅಷ್ಟೇ. ಎರಡು, ಹೆಲ್ಮೆಟ್ ಬಕಲ್. ದೊಡ್ಡ ತಯಾರಿ ಎಲ್ಲರೂ ಮಾಡಿರ್ತಾರೆ, ಸಣ್ಣ ಸ್ಟೆಪ್ ಬಿಟ್ಟವನು ಬಾಕ್ಸ್‌ನಲ್ಲಿ ನಿಲ್ತಾನೆ. ನನ್ನ ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸಿ ನೋಡಿದೆ. ಲಾಪ್ಲಾಸ್ ಬಂದಿತ್ತು, ಪಾರ್ಷಿಯಲ್ ಫ್ರ್ಯಾಕ್ಷನ್‌ನಲ್ಲಿ ಮೈನಸ್ ಬಿಟ್ಟಿದ್ದೆ, ಎರಡು ಕಡೆ. ಮೂರು, ಈಜಲ್ಲಿ ಹಿಂದೆ ಬಿದ್ರೆ ಒಬ್ಬನೇ ಗಾಳಿ ಸೀಳೋ ಹಠ ಬೇಡ, ಗುಂಪು ಹುಡುಕಬೇಕು. ಈಗ ನಾವು ನಾಲ್ಕು ಜನ ಬ್ಯಾಕ್‌ಲಾಗ್ ಗೆಳೆಯರು ಲೈಬ್ರರಿಯ ಮೂಲೆ ಟೇಬಲ್‌ನಲ್ಲಿ ಸಂಜೆ ಆರರಿಂದ ಎಂಟು ಕೂರ್ತೀವಿ. ದಿನಕ್ಕೊಬ್ಬ ಮುಂದೆ ನಿಂತು ಬೋರ್ಡ್ ಮೇಲೆ ಲೆಕ್ಕ ಮಾಡ್ತಾನೆ, ಉಳಿದವರು ಅವನ ಹಿಂದೆ. ಡ್ರಾಫ್ಟಿಂಗ್!

ಅವತ್ತು ರಾತ್ರಿ ಮನೆಗೆ ಫೋನ್ ಮಾಡಿದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಮತ್ತೆ ಯಾವಾಗಪ್ಪಾ ಎಕ್ಸಾಂ?" ಅಂದ್ರು. ಮುಂದಿನ ತಿಂಗಳು ಅಂದೆ. ಪಾಸಾಗ್ತೀನೋ ಇಲ್ವೋ, ಈ ಲೇಖನ ನೀವು ಓದೋ ಹೊತ್ತಿಗೆ ರಿಸಲ್ಟ್ ಬಂದಿರಲ್ಲ.

ಕೊನೆಗೆ ನಿಮಗೊಂದು ಲೆಕ್ಕ. ಸುರೇಶ ಫೈನಲ್‌ನಲ್ಲಿ ಎರಡನೆಯವನಾಗಿದ್ರೆ, ರವಿ ಕನಿಷ್ಠ ಎಷ್ಟನೇ ಸ್ಥಾನದಲ್ಲಿ ಬಂದ್ರೆ ಸೀಸನ್ ಗೆಲ್ತಿದ್ದ? ಉತ್ತರ ಗೊತ್ತಾದವರು ಲೈಬ್ರರಿ ಮೂಲೆ ಟೇಬಲ್‌ಗೆ ಬನ್ನಿ. ಒಂದು ಕುರ್ಚಿ ಖಾಲಿ ಇದೆ.