ಫೈವ್ ಎಸ್, ಶಾಲೆಯ ಕಸ ಮತ್ತು ನಮ್ಮ ಮೇಷ್ಟ್ರು

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹೆನ್ರಿ ಫೇಯಾಲ್ ಅವರ 14 ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಅವುಗಳಲ್ಲಿ ಒಂದು ಕ್ರಮಬದ್ಧತೆಯ ತತ್ವ: ಪ್ರತಿ ವಸ್ತುವಿಗೂ ಒಂದು ಜಾಗ ಇರಬೇಕು, ಆ ವಸ್ತು ಅದೇ ಜಾಗದಲ್ಲಿ ಸಿಗಬೇಕು. ಪರೀಕ್ಷೆಯಲ್ಲಿ ಇದಕ್ಕೆ ಕಾರ್ಖಾನೆಯ ಉದಾಹರಣೆ ಬರೆಯುತ್ತೇವೆ. ಆದರೆ ಶಾಲೆಯೂ ಕೆಲಸದ ಜಾಗವೇ ಅಲ್ಲವೇ? ಸ್ಟಾಫ್ ರೂಮ್, ಲ್ಯಾಬ್, ಆಫೀಸು, ಅಡುಗೆ ಕೋಣೆ ಎಲ್ಲವೂ ಅಲ್ಲಿವೆ.

ಇದೇ ತತ್ವ ಜಪಾನಿನ ಕಾರ್ಖಾನೆಗಳಲ್ಲಿ ಐದು ಹೆಜ್ಜೆಗಳಾಗಿ ಬೆಳೆಯಿತು. ಐದೂ ಜಪಾನಿ ಪದಗಳು 'ಸ'ಕಾರ, 'ಶ'ಕಾರದಲ್ಲಿ ಶುರುವಾಗುವುದರಿಂದ ಫೈವ್ ಎಸ್ ಎಂಬ ಹೆಸರು ಬಂತು. ಬೇಡದ್ದನ್ನು ಬೇರ್ಪಡಿಸುವುದು, ಬೇಕಾದ್ದನ್ನು ಜೋಡಿಸುವುದು, ಶುಚಿ ಮಾಡುವುದು, ಅದಕ್ಕೊಂದು ನಿಯಮ ಮಾಡುವುದು, ಆ ನಿಯಮವನ್ನು ದಿನವೂ ಪಾಲಿಸುವುದು. ಕ್ರಮ ಇಷ್ಟೇ.

ಹೆಚ್ಚಿನ ಶಾಲೆಗಳಲ್ಲಿ ಮೊದಲೆರಡು ಹೆಜ್ಜೆ ಬಿಟ್ಟು ನೇರ ಮೂರನೆಯದಕ್ಕೆ ಹೋಗುತ್ತಾರೆ. ಅಂದರೆ ವಿದ್ಯಾರ್ಥಿಗಳ ಕೈಗೆ ಪೊರಕೆ ಕೊಡುತ್ತಾರೆ. ಗುಡಿಸುವುದು ನಮ್ಮಿಂದ ಆಗುತ್ತದೆ. ಆದರೆ ಯಾವುದು ಕಸ, ಯಾವುದು ದಾಖಲೆ ಎಂದು ತೀರ್ಮಾನ ಮಾಡುವುದು ನಮ್ಮಿಂದ ಆಗದು. ಮೂರು ವರ್ಷದ ಹಿಂದಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ಇಡಬೇಕೋ, ಮಾರಬೇಕೋ? ಕಾಲು ಮುರಿದ ಬೆಂಚು ರಿಪೇರಿಗೋ, ಗುಜರಿಗೋ? ಆ ಬೆಂಚು ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ಆಸ್ತಿಯಾಗಿಯೇ ಇರುತ್ತದೆ. ಸವಕಳಿಯ ಲೆಕ್ಕ ಹಾಕಿ ಹಾಕಿ ಬೆಲೆ ಸೊನ್ನೆಯಾಗಿದ್ದರೂ, ಜವಾಬ್ದಾರಿ ಇರುವವರು ಸಹಿ ಮಾಡಿ ತೆಗೆಯುವ ತನಕ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ಬಿದ್ದಿರಬೇಕು. ಹಾಗಾಗಿ ಶಿಕ್ಷಕರ ಮುಖ್ಯ ಪಾತ್ರ ಮೊದಲನೇ ಹೆಜ್ಜೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕಾರ್ಖಾನೆಗಳಲ್ಲಿ ಇದಕ್ಕೆ ಕೆಂಪು ಚೀಟಿ ಎಂಬ ಸುಲಭ ಉಪಾಯವಿದೆ. ಬೇಕೋ ಬೇಡವೋ ಎಂದು ಗೊತ್ತಾಗದ ವಸ್ತುವಿಗೆ ತಾರೀಖು ಬರೆದ ಕೆಂಪು ಚೀಟಿ ಅಂಟಿಸಿ ಒಂದು ಕಡೆ ಇಡುತ್ತಾರೆ. ಗೊತ್ತುಮಾಡಿದ ಅವಧಿಯೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಅದು ಹೊರಗೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಪ್ರತಿ ವಿಭಾಗದಿಂದ ಒಬ್ಬ ಶಿಕ್ಷಕರು ಇದನ್ನು ವಹಿಸಿಕೊಂಡರೆ, ಜೂನ್‌ನಲ್ಲಿ ಕಾಲೇಜು ಶುರುವಾಗುವಾಗ ಅರ್ಧ ಕಪಾಟು ಖಾಲಿ ಇರುತ್ತದೆ.

ಇನ್ನು ದಿನದ ಕಸ. ಕಸವನ್ನು ಅದು ಹುಟ್ಟಿದ ಜಾಗದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಕಾಮರ್ಸ್ ಕಣ್ಣಿನಿಂದ ನೋಡಿದರೆ ಕಾರಣ ಸರಳ. ಒಣ ಕಾಗದಕ್ಕೆ ಬೆಲೆ ಇದೆ. ಅದರ ಮೇಲೆ ಸಾಂಬಾರು ಚೆಲ್ಲಿದರೆ, ಬಾಳೆಹಣ್ಣಿನ ಸಿಪ್ಪೆ ಬಿದ್ದರೆ ರದ್ದಿ ಅಂಗಡಿಯವರು ಮುಟ್ಟುವುದಿಲ್ಲ. ('ರದ್ದಿ' ನಮ್ಮ ಮನೆಯ ಉರ್ದುವಿನಲ್ಲೂ ರದ್ದಿಯೇ, ಈ ವ್ಯಾಪಾರಕ್ಕೆ ಭಾಷೆಯ ತಂಟೆ ಇಲ್ಲ.) ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡುವ ಶಾಲೆಗಳಲ್ಲಿ ಸಿಪ್ಪೆ ಎಷ್ಟು ಹೊತ್ತಿಗೆ, ಎಲ್ಲಿ ಬೀಳುತ್ತದೆಂದು ಶಿಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಆ ಹೊತ್ತಿಗೆ ಆ ಜಾಗದಲ್ಲಿ ಒಂದು ಬಕೆಟ್ ಇಟ್ಟರೆ ಸಾಕು, ಗೊಬ್ಬರದ ಗುಂಡಿಗೆ ಸರಕು ತಯಾರು. ಬಕೆಟ್ ಕಾರಿಡಾರಿನ ಕೊನೆಯಲ್ಲಿದ್ದರೆ ಎಷ್ಟು ಭಾಷಣ ಮಾಡಿದರೂ ಸಿಪ್ಪೆ ಕಿಟಕಿಯಿಂದಲೇ ಹೋಗುತ್ತದೆ!

ಐದನೇ ಹೆಜ್ಜೆ ಕಷ್ಟದ್ದು. ಸ್ಟಾಫ್ ರೂಮಿನ ಚಹಾ ಲೋಟ ಯಾವ ಡಬ್ಬಿಗೆ ಬೀಳುತ್ತದೆ ಎಂದು ವಿದ್ಯಾರ್ಥಿಗಳು ನೋಡುತ್ತಲೇ ಇರುತ್ತಾರೆ. ಎರಡು ಬಣ್ಣದ ಡಬ್ಬಿಗಳಲ್ಲಿ ಬೇರೆ ಬೇರೆ ಹಾಕಿದ ಕಸವನ್ನು ಸಂಜೆ ಒಂದೇ ಚೀಲಕ್ಕೆ ಸುರಿದರೆ ಅದನ್ನೂ ನೋಡುತ್ತಾರೆ. ಅಟೆಂಡರ್ ಅಣ್ಣನಿಗೆ ಎರಡು ಚೀಲ ಕೊಡಿಸುವುದು, ಕಸದ ಗಾಡಿಯವರ ಹತ್ತಿರ ಮಾತಾಡುವುದು ದೊಡ್ಡವರ ಕೆಲಸ.

ಒಂದು ವಿಷಯ ಮಾತ್ರ ವಿದ್ಯಾರ್ಥಿಗಳಿಗೆ ಬಿಡಲೇಬಾರದು. ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ. ಒಡೆದ ಟ್ಯೂಬ್, ಲ್ಯಾಬಿನ ಒಡೆದ ಗಾಜು, ಹಳೆಯ ಬ್ಯಾಟರಿ ಇವು ಪೊರಕೆಯ ಲೆಕ್ಕಕ್ಕೆ ಬರುವುದಿಲ್ಲ. ಇವುಗಳಿಗೆ ಮುಚ್ಚಳವಿರುವ ಬೇರೆ ಪೆಟ್ಟಿಗೆ ಬೇಕು, ಅದರ ಬೀಗದ ಕೈ ಲ್ಯಾಬ್ ಮೇಡಂ ಹತ್ತಿರ ಇರಬೇಕು.