ನೀರು ಏಕೆ ದ್ರವ?

ಮಕ್ಕಳೇ, ಒಂದು ರೂಪಾಯಿ ನಾಣ್ಯದ ಮೇಲೆ ಇಂಕ್ ಫಿಲ್ಲರ್‌ನಿಂದ ನೀರನ್ನು ಹನಿಹನಿಯಾಗಿ ಹಾಕುತ್ತಾ ಹೋಗಿ. ಅಂಚಿಗೆ ಬಂದರೂ ನೀರು ಚೆಲ್ಲದೆ ಗುಮ್ಮಟದಂತೆ ಉಬ್ಬಿ ನಿಲ್ಲುತ್ತದೆ. ನಾಣ್ಯ ಒರೆಸಿ, ಕೊಬ್ಬರಿ ಎಣ್ಣೆಯಿಂದ ಇದನ್ನೇ ಮಾಡಿ. ಎಣ್ಣೆ ಅಷ್ಟು ಎತ್ತರ ಉಬ್ಬುವುದಿಲ್ಲ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತ ಎಲ್ಲಿಂದ ಬಂತು?

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕದ ಪರಮಾಣು, ಎರಡು ಜಲಜನಕದ ಪರಮಾಣುಗಳಿವೆ. ಅವು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿವೆ. ಆದರೆ ಸಮಪಾಲಾಗಿ ಅಲ್ಲ! ಹಗ್ಗಜಗ್ಗಾಟದಲ್ಲಿ ಬಲವಾದ ತಂಡದ ಕಡೆಗೆ ಹಗ್ಗ ಸರಿಯುವಂತೆ, ಎಲೆಕ್ಟ್ರಾನ್‌ಗಳು ಆಮ್ಲಜನಕದ ಕಡೆಗೆ ಸರಿದಿರುತ್ತವೆ. ಹೀಗಾಗಿ ಆ ಕಡೆ ಸ್ವಲ್ಪ ಋಣ ವಿದ್ಯುದಂಶ, ಜಲಜನಕದ ಕಡೆ ಸ್ವಲ್ಪ ಧನ ವಿದ್ಯುದಂಶ ಉಂಟಾಗುತ್ತದೆ. ಒಂದು ಅಣುವಿನ ಧನ ಭಾಗ ಪಕ್ಕದ ಅಣುವಿನ ಋಣ ಭಾಗವನ್ನು ಸೆಳೆಯುತ್ತದೆ. ಎಲೆಕ್ಟ್ರಾನ್‌ಗಳನ್ನು ಹೀಗೆ ತನ್ನೆಡೆಗೆ ಎಳೆದುಕೊಳ್ಳುವ ಸಾಮರ್ಥ್ಯವೇ ವಿದ್ಯುದೃಣೀಯತೆ. ಹೆಸರು ಉದ್ದವಾಯಿತು, ವಿಷಯ ಮಾತ್ರ ಸರಳ.

ಅಮೆರಿಕದ ವಿಜ್ಞಾನಿ ಲೈನಸ್ ಪೌಲಿಂಗ್ 1932ರಲ್ಲಿ ಈ ಎಳೆತವನ್ನು ಸಂಖ್ಯೆಗಳಲ್ಲಿ ಅಳೆಯುವ ದಾರಿ ತೋರಿಸಿದರು. ಇಂದು ಬಳಸುವ ಅವರ ಮಾಪಕದಲ್ಲಿ ಜಲಜನಕಕ್ಕೆ 2.20, ಆಮ್ಲಜನಕಕ್ಕೆ 3.44. ಎಣ್ಣೆಯಲ್ಲಿ ಬಹುಪಾಲು ಇರುವುದು ಇಂಗಾಲ ಮತ್ತು ಜಲಜನಕ. ಇಂಗಾಲಕ್ಕೆ 2.55, ಅಂದರೆ ಇಬ್ಬರೂ ಹೆಚ್ಚುಕಡಿಮೆ ಸರಿಸಮಾನರು.

ಶಾಲೆಯಲ್ಲಿ ಆವರ್ತ ಕೋಷ್ಟಕದ ಪಟ ಇದ್ದರೆ ಈಗ ನೋಡಿ. ಎರಡನೆಯ ಅಡ್ಡಸಾಲಿನಲ್ಲಿ ಎಡದ ಲಿಥಿಯಂಗೆ 0.98, ಬಲಗಡೆಯ ಫ್ಲೋರಿನ್‌ಗೆ 3.98. ಬಲಕ್ಕೆ ಹೋದಂತೆ ಬೀಜಕೇಂದ್ರದಲ್ಲಿ ಪ್ರೋಟಾನ್‌ಗಳು ಹೆಚ್ಚುತ್ತವೆ, ಹೊರಕವಚ ಮಾತ್ರ ಅದೇ. ಆದ್ದರಿಂದ ಎಳೆತ ಹೆಚ್ಚುತ್ತದೆ. ಸಾಲಿನ ಕೊನೆಯ ನಿಯಾನ್ ಸಾಮಾನ್ಯವಾಗಿ ಯಾರೊಡನೆಯೂ ಸೇರದು, ಅದನ್ನು ಬಿಡೋಣ.

ಆಮ್ಲಜನಕದ ನೇರ ಕೆಳಗೆ ಗಂಧಕವಿದೆ. ಅದರಲ್ಲಿ 16 ಪ್ರೋಟಾನ್‌ಗಳು, ಆಮ್ಲಜನಕದಲ್ಲಿ ಎಂಟೇ. ಆದರೂ ಗಂಧಕದ ಎಳೆತ 2.58 ಮಾತ್ರ! ಏಕೆಂದರೆ ಅದಕ್ಕೆ ಇನ್ನೊಂದು ಕವಚವಿದೆ. ಹೊರಗಿನ ಎಲೆಕ್ಟ್ರಾನ್‌ಗಳು ದೂರವಾದವು, ನಡುವೆ ಒಳಗಿನವು ಅಡ್ಡ ನಿಂತವು.

ಇದರ ಪರಿಣಾಮ ನೋಡಿ. ಗಂಧಕವೂ ಎರಡು ಜಲಜನಕಗಳೊಡನೆ ಸೇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅದೇ. ಅದರ ಅಣುವಿನ ತೂಕ ನೀರಿನ ಅಣುವಿನ ತೂಕದ ಸುಮಾರು ಎರಡರಷ್ಟು. ಭಾರವಾದದ್ದು ತಡವಾಗಿ ಕುದಿಯಬೇಕಲ್ಲವೇ? ಆದರೆ ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು. ಆಮ್ಲಜನಕದ ಎಳೆತವೂ ಗಂಧಕದಷ್ಟೇ ಆಗಿದ್ದರೆ ಕೆರೆ, ಬಾವಿ, ನಿಮ್ಮ ತರಗತಿಯ ನೀರಿನ ಬಿಂದಿಗೆ ಎಲ್ಲವೂ ಬರಿದಾಗಿ, ನೀರೆಲ್ಲ ಗಾಳಿಯಲ್ಲಿ ಇರುತ್ತಿತ್ತು.

ಫ್ಲೋರಿನ್‌ನ ನೇರ ಕೆಳಗೆ ಕ್ಲೋರಿನ್ ಇದೆ. ಅದರ ಸಂಖ್ಯೆ 3.98ಕ್ಕಿಂತ ಹೆಚ್ಚೋ ಕಡಿಮೆಯೋ? ಊಹಿಸಿ, ಕಾರಣವನ್ನೂ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.